ಹಸಿರು ದೀಪದ ಡಬ್ಬ

ಮಾರ್ಚ್ 3, ಸೋಮವಾರ

ಆಫೀಸಿಗೆ ಬಂದ ಕೂಡಲೇ ಎಂದಿನ ಸುತ್ತು. ಮೊದಲು ಮೇಲ್, ಆಮೇಲೆ ಕ್ಯಾಲೆಂಡರ್, ಫೈಲುಗಳು, ಕೊನೆಗೆ ಚಾಟ್. ನಾಲ್ಕು ಸರ್ವರ್‌ಗಳೂ ಉಸಿರಾಡುತ್ತಿವೆ. ಕಾಫಿಗೆಂದು ಎದ್ದೆ. ಎಂಟನೇ ತಿಂಗಳಲ್ಲಿ ಕುರ್ಚಿಯಿಂದ ಏಳುವುದೇ ಒಂದು ಪ್ರಾಜೆಕ್ಟ್.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಸರ್ವರ್ ರೂಮಿಗೆ ಹೋಗಿ ನೋಡಿದರಂತೆ, ಬರೀ ಗೋಡೆ. ಅಲ್ಲಿದ್ದ ನಾಲ್ಕು ಮಷಿನ್ ಏನಾದವು ಅಂತ. ಹೋದ ತಿಂಗಳೇ ಹೇಳಿದ್ದೆ. ಮತ್ತೆ ಹೇಳಿದೆ — ನಾಲ್ಕೂ ಈಗ ವರ್ಚುವಲ್. ಊರಾಚೆಯ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಒಂದು ದೊಡ್ಡ ಮಷಿನ್, ಅದರೊಳಗೆ ನಾಲ್ಕು ಸಂಸಾರ. ಒಂದೇ ಮನೆ, ಬೇರೆ ಬೇರೆ ಒಲೆ. ಆ ಮನೆ ಕುಸಿದರೆ ನಾಲ್ಕೂ ಬೀದಿಗೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಮಷಿನ್ ಬೇಕು. ಒಂದು ಮುಗ್ಗರಿಸಿದರೆ ಸಂಸಾರಗಳು ತಾವೇ ಇನ್ನೊಂದರಲ್ಲಿ ಎದ್ದು ಕೂರುತ್ತವೆ. ಆಗ ನಾನು ಹೆರಿಗೆ ರಜೆಯಲ್ಲಿ ಫೋನ್ ಆಫ್ ಮಾಡಿ ಮಲಗಬಹುದು. ಇಲ್ಲದಿದ್ದರೆ ಲೇಬರ್ ವಾರ್ಡಿಗೂ ಲ್ಯಾಪ್‌ಟಾಪ್ ಹೊರಬೇಕು.

"ನೀವು ಹೇಳೋದೆಲ್ಲ ಸರಿ. ಆದ್ರೆ ಕಣ್ಣಿಗೆ ಕಾಣದ ಮಷಿನ್‌ಗೆ ಕಾಣದ ಇನ್ನೊಂದು ಜೊತೆ ಬೇಕು ಅಂದ್ರೆ, ಮಾಲೀಕರಿಗೆ ನಾನೇನು ತೋರಿಸ್ಲಿ?"

ಕೆಟ್ಟವರಲ್ಲ. ನಮ್ಮದು ಲಿಫ್ಟ್ ರಿಪೇರಿ ಕಂಪನಿ, ಅದರಲ್ಲೇ ತಲೆ ನರೆತವರು. ಕೈಗೆ ಗ್ರೀಸ್ ಮೆತ್ತದಿದ್ದರೆ ಅವರ ಪಾಲಿಗೆ ಅದು ಮಷಿನ್ನೇ ಅಲ್ಲ.

ಮನೆಗೆ ಬಂದೆ. ಆ ಎರಡನೇ ಮಷಿನ್ ಬಂತಾ ಅಂತ ಅತ್ತೆ ಕೇಳಿದರು. ದಿನಾ ಕೇಳುತ್ತಾರೆ.

ಮಾರ್ಚ್ 5, ಬುಧವಾರ

ಆಫೀಸಿನ ಎಲೆಕ್ಟ್ರಿಷಿಯನ್ ಹತ್ತಿರ ಗೋಳು ತೋಡಿಕೊಂಡೆ. ತೋರಿಸೋಕೆ ಬೇಕು ಅಂದ್ರೆ ತೋರಿಸಿದ್ರಾಯ್ತು ಅಂದ. ಗುಜರಿಗೆ ಹಾಕಿದ್ದ ಹಳೇ ಸರ್ವರಿನ ಡಬ್ಬ ಎತ್ತಿಕೊಂಡು ಬಂದ. ಒಳಗೆ ಏನೂ ಇಲ್ಲ. ಒಂದು ಫ್ಯಾನ್ ಕೂರಿಸಿದ, ಮುಂದೆ ಒಂದು ಸಾಲು ಹಸಿರು ದೀಪ. ಮಿಣುಕ್ ಮಿಣುಕ್, ಜೊತೆಗೆ ಗುಂಯ್ ಅನ್ನುವ ಸದ್ದು. ನಾನೂ ತಮಾಷೆಗೆ ಸೇರಿಕೊಂಡು ಚೀಟಿ ಅಂಟಿಸಿದೆ — ಮುಖ್ಯ ಸರ್ವರ್, ಮುಟ್ಟಬಾರದು. ಒಂದು ಕಂಡರೆ ಎರಡನೆಯದು ಕೊಡಿಸಿಯಾರು ಎಂಬ ದೂರಾಲೋಚನೆ.

ಮ್ಯಾನೇಜರ್ ಬಂದು ಸುತ್ತ ನಡೆದು ನೋಡಿದರು. ಮೇಲೆ ಅಂಗೈ ಇಟ್ಟರು. ತಣ್ಣಗಿದೆ, ಆರೋಗ್ಯವಾಗಿದೆ ಅಂದರು. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅವರ ಮುಖದ ಖುಷಿ ನೋಡಿ ಮುಚ್ಚಿದೆ.

ಮಾರ್ಚ್ 7, ಬೆಳಗ್ಗೆ 11:20

ಚಾಟ್ ತೆವಳುತ್ತಿತ್ತು. ಫೈಲುಗಳ ಮಷಿನ್‌ನಿಂದ ಸ್ವಲ್ಪ ಮೆಮೊರಿ ಕಿತ್ತು ಚಾಟಿಗೆ ಕೊಟ್ಟೆ. ಓಡಿತು. ಸಮಾಧಾನದಿಂದ ತಲೆ ಎತ್ತಿದರೆ ಮ್ಯಾನೇಜರ್ ಎದುರಿಗೆ ನಿಂತಿದ್ದಾರೆ. ಡಬ್ಬದ ಪ್ಲಗ್ ಕಿತ್ತು ಮತ್ತೆ ಚುಚ್ಚಿದರಂತೆ, ಚಾಟ್ ಸರಿಹೋಯಿತಂತೆ. "ನೀವು ಈ ಸ್ಥಿತೀಲಿ ಏಳೋದು ಬೇಡ. ಇನ್ಮೇಲೆ ನಾನೇ ನೋಡ್ಕೋತೀನಿ."

ಅಯ್ಯೋ.

ಮಾರ್ಚ್ 14, ಶುಕ್ರವಾರ

ಡಬ್ಬಕ್ಕೆ ಈಗ ಸಂಸ್ಥಾನದ ಮರ್ಯಾದೆ. ಅಕೌಂಟೆಂಟ್ ಮೇಡಂ ತಮ್ಮ ಟೇಬಲ್ ಫ್ಯಾನ್ ತಂದು ಅದರ ಕಡೆ ತಿರುಗಿಸಿ ಇಟ್ಟಿದ್ದಾರೆ, ತಾವು ಬೆವರುತ್ತಾರೆ. ಮೇಲ್ ತಡವಾದರೆ ಯಾರೂ ನನ್ನನ್ನು ಕೇಳುವುದಿಲ್ಲ. ನೇರ ರೂಮಿಗೆ ಹೋಗಿ ದೀಪ ನೋಡಿ ಬರುತ್ತಾರೆ. ಹಸಿರು ಇದೆ, ಬರುತ್ತೆ ಬಿಡಿ ಅನ್ನುತ್ತಾರೆ. ಬರುತ್ತದೆ ಕೂಡ, ಅದು ಬೇರೆ ಮಾತು.

ಎರಡನೇ ಮಷಿನ್ ಬಗ್ಗೆ ಇವತ್ತು ಮೀಟಿಂಗ್‌ನಲ್ಲಿ ಕೇಳಿದೆ. ಯಾಕೆ ಬೇಕು, ಇದೇ ಗುಂಡುಕಲ್ಲಿನ ಹಾಗಿದೆಯಲ್ಲ ಅಂದರು ಮ್ಯಾನೇಜರ್. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ. ಅದೇ ಉಸಿರಿನಲ್ಲಿ ಹೇಳಿದರು — ಯಾರೋ ಡಬ್ಬವನ್ನು ಮುಟ್ಟುತ್ತಿದ್ದಾರೆ, ಬೆಳಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ. ಕುಂಬಳಕಾಯಿ ಕಳ್ಳ ಅಂದಂತಾಯಿತು. ನಾನು ಹೆಗಲು ಮುಟ್ಟಿಕೊಂಡೆ. ಎಲೆಕ್ಟ್ರಿಷಿಯನ್ ಸೀಲಿಂಗ್ ನೋಡಿದ.

ಭಯವಾಗುತ್ತಿದೆ. ನಿಜವಾದ ಮಷಿನ್‌ನ ಒಂದು ಮೆಮೊರಿ ಕಾರ್ಡ್ ಎರಡು ದಿನದಿಂದ ತಪ್ಪು ಎಣಿಸುತ್ತಿದೆ. ಬದಲಿಸೋಣವೆಂದರೆ ನಾಲ್ಕನ್ನೂ ನಿಲ್ಲಿಸಬೇಕು.

ಮಾರ್ಚ್ 26, ಬುಧವಾರ

ಆಯಿತು. ಬಿತ್ತು.

ಬೆಳಗ್ಗೆ ಡಾಕ್ಟರ ಹತ್ತಿರ ಚೆಕಪ್. ಅತ್ತೆ ಜೊತೆಗೆ. ಸರದಿಗೆ ಕಾಯುತ್ತಿದ್ದಾಗ ಫೋನ್ ಒದರತೊಡಗಿತು. ನಾಲ್ಕೂ ಕೆಂಪು. ನಮ್ಮ ಮೆಕ್ಯಾನಿಕ್‌ಗಳಿಗೆ ಯಾವ ಕಟ್ಟಡಕ್ಕೆ ಹೋಗಬೇಕು ಅಂತ ಹೇಳುವುದೇ ಕ್ಯಾಲೆಂಡರ್. ಅದಿಲ್ಲದೆ ಮೂವರು ಮೆಕ್ಯಾನಿಕ್‌ಗಳು ಒಂದೇ ಲಿಫ್ಟಿನ ಮುಂದೆ ಸೇರಿ ಮುಖ ಮುಖ ನೋಡಿಕೊಂಡರಂತೆ. ಇನ್ನೊಂದು ಕಡೆ ಲಿಫ್ಟ್ ಕೆಟ್ಟು ಒಬ್ಬ ಹಲ್ಲಿನ ಡಾಕ್ಟರು ಎರಡು ಮಹಡಿಗಳ ನಡುವೆ ನಿಂತೇ ಇದ್ದರಂತೆ. ಡೇಟಾ ಸೆಂಟರಿನವನಿಗೆ ಫೋನ್ ಹಚ್ಚಿ ಯಾವ ಕಾರ್ಡ್ ಕೀಳಬೇಕೆಂದು ಹೇಳಿದೆ. ಒಂದು ಗಂಟೆ ಬೇಕು ಅಂದ.

ಅಷ್ಟರಲ್ಲಿ ಮ್ಯಾನೇಜರ್ ಕಾಲ್. ಸ್ವರ ವಿಚಿತ್ರವಾಗಿತ್ತು. ಪ್ಲಗ್ ತೆಗೆದು ಹಾಕಿ ಸಾಕಾಯಿತಂತೆ. ಕೊನೆಗೆ ಸ್ಕ್ರೂಡ್ರೈವರ್ ತರಿಸಿ ತಾವೇ ಬಿಚ್ಚಿದರಂತೆ.

"ಇದರೊಳಗೆ ಏನೂ ಇಲ್ಲ. ಒಂದು ಊಟದ ಡಬ್ಬಿ ಇದೆ."

ಎಲೆಕ್ಟ್ರಿಷಿಯನ್‌ದು. ಮುಟ್ಟಬಾರದು ಎಂದು ಬರೆದ ಜಾಗಕ್ಕಿಂತ ಭದ್ರವಾದ ಜಾಗ ಆಫೀಸಿನಲ್ಲಿ ಇನ್ನೆಲ್ಲಿದೆ? ದಿನಾ ಬೆಳಗ್ಗೆ ಇಡುತ್ತಿದ್ದ, ಮಧ್ಯಾಹ್ನ ತೆಗೆಯುತ್ತಿದ್ದ.

ಎಲ್ಲ ಹೇಳಿದೆ. ಡಬ್ಬ ಸುಳ್ಳು, ಅಂಟಿಸಿದ್ದು ನಾನು, ಕ್ಷಮಿಸಿ, ಆದರೆ ಇಷ್ಟು ದಿನ ನೀವು ಕಳಿಸಿದ ಮೇಲ್‌ಗಳೆಲ್ಲ ಆ ಕಾಣದ ಮಷಿನ್‌ನಿಂದಲೇ ಹೋದವು. ಅತ್ತೆ ನನ್ನ ಕೈಯಿಂದ ಫೋನ್ ತಗೊಂಡರು. ಅವರಿಗೆ ಸರ್ವರ್ ಅಂದರೆ ಏನೆಂದೂ ಗೊತ್ತಿಲ್ಲ.

"ನೋಡಿ ಸ್ವಾಮಿ, ಇವಳ ಹೊಟ್ಟೇಲಿರೋದು ನನ್ನ ಕಣ್ಣಿಗೂ ಕಾಣಲ್ಲ. ಹಾಗಂತ ತಟ್ಟೇಲಿ ಒಂದು ಪಾಲು ಕಡಿಮೆ ಬಡಿಸಿದ್ದೀನಾ?"

ಅತ್ತೆ ಫೋನ್ ಇಟ್ಟು, ಇನ್ನೂ ಎಷ್ಟು ಜನ ಇದ್ದಾರೋ ನಮ್ಮ ಮುಂದೆ ಅಂದರು.

ಮಾರ್ಚ್ 27

ನಾಲ್ಕೂ ನಿನ್ನೆಯೇ ಎದ್ದು ಕೂತಿವೆ. ಆದರೂ ಕೆಲಸ ಹೋಯಿತೆಂದೇ ಹೋದೆ. ಮ್ಯಾನೇಜರ್ ಬಾಗಿಲು ಮುಚ್ಚಿದರು. ಎರಡನೆಯದಕ್ಕೆ ಆರ್ಡರ್ ಹಾಕಿ ಅಂದರು. ಆಮೇಲೆ ಕಿಟಕಿ ಕಡೆ ನೋಡುತ್ತಾ — "ಡಬ್ಬ ಮಾತ್ರ ಅಲ್ಲೇ ಇರಲಿ. ಯಾರಿಗೂ ಹೇಳ್ಬೇಡಿ. ಹೋದ ವಾರ ಮಾಲೀಕರನ್ನ ಕರ್ಕೊಂಡು ಬಂದು ತೋರಿಸಿಬಿಟ್ಟಿದ್ದೀನಿ."

ಎರಡನೆಯದು ಎಲ್ಲಿ ಅಂತ ಮಾಲೀಕರು ಕೇಳಿದರೆ? ಅದಕ್ಕೂ ವ್ಯವಸ್ಥೆಯಾಗಿದೆ. ಎಲೆಕ್ಟ್ರಿಷಿಯನ್‌ಗೆ ಹೇಳಿದ್ದಾರೆ. ಈ ಸಲ ನೀಲಿ ದೀಪ. ಊಟದ ಡಬ್ಬಿ ಇಡಲು ಒಳಗೊಂದು ತಟ್ಟೆಯನ್ನೂ ಮಾಡಿಕೊಳ್ಳುತ್ತಾನಂತೆ.

ಏಪ್ರಿಲ್ 9, ಬುಧವಾರ, ಬೆಳಗ್ಗೆ 10:40

ಮನೆಯಿಂದಲೇ ಕೆಲಸ. ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಒಂದು ವಾರ. ಎರಡನೇ ಮಷಿನ್ ನಿನ್ನೆ ಎದ್ದು ನಿಂತಿತು. ಇವತ್ತು ಪರೀಕ್ಷೆ. ಎಲ್ಲರೂ ಕೆಲಸ ಮಾಡುತ್ತಿರುವಾಗಲೇ ಒಂದೊಂದೇ ಸಂಸಾರವನ್ನು ಹಳೆ ಮನೆಯಿಂದ ಹೊಸ ಮನೆಗೆ ದಾಟಿಸುವುದು. ಒಳಗಿರುವವರಿಗೆ ಗೊತ್ತೇ ಆಗಬಾರದು, ಅದೇ ಇದರ ಹೆಚ್ಚುಗಾರಿಕೆ.

ಬೆಳಗಿನಿಂದ ಸೊಂಟ ನೋವು. ಕುರ್ಚಿ ಸರಿಯಿಲ್ಲ.

11:15

ಮೇಲ್ ದಾಟಿತು. ಸರಿಯಾಗಿ ಆ ಹೊತ್ತಿಗೇ ಅಕೌಂಟೆಂಟ್ ಮೇಡಂ ಉದ್ದದ ಮೇಲ್ ಬರೆದಿದ್ದಾರೆ — ನೀಲಿ ದೀಪದ್ದಕ್ಕೂ ಒಂದು ಫ್ಯಾನ್ ಬೇಕಂತೆ. ಒಂದಕ್ಷರ ತುಂಡಾಗಿಲ್ಲ. ಕ್ಯಾಲೆಂಡರ್ ದಾಟಿತು. ಫೈಲುಗಳು ಹೊರಟಿವೆ.

ಕುರ್ಚಿ ಬದಲಿಸಿದೆ. ನೋವು ಹೋಗಿ ಹೋಗಿ ಬರುತ್ತಿದೆ. ಕುರ್ಚಿಯದಲ್ಲ ಅನ್ನಿಸುತ್ತಿದೆ.

11:50

ಚಾಟ್ ಒಂದೇ ಬಾಕಿ. ಅರವತ್ತು ಪರ್ಸೆಂಟ್. ಅತ್ತೆ ಆಸ್ಪತ್ರೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ನಾನು ಏನೂ ಹೇಳಿರಲಿಲ್ಲ. ನನ್ನ ಗಂಡನಿಗೆ ಫೋನ್ ಮಾಡಿಯಾಗಿದೆಯಂತೆ, ಟ್ಯಾಕ್ಸಿ ಕೆಳಗೆ ಬಂದಿದೆಯಂತೆ. ಎಂಬತ್ತು. ಹೆದರಿಕೆ ಇದೆ, ಆದರೆ ಒಂಟಿ ಅನ್ನಿಸುತ್ತಿಲ್ಲ. ಫೋನ್ ಆಫ್ ಮಾಡಿದೆ. ನಿಜವಾಗಿಯೂ ಮಾಡಿದೆ.

ಮನೆ ಬದಲಿಸುವುದು ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ ಅಂತ ಬರೆದೆನಲ್ಲ — ಈ ಒದೆತ ನೋಡಿದರೆ ಇಲ್ಲೊಬ್ಬರಿಗೆ ಚೆನ್ನಾಗಿಯೇ ಗೊತ್ತಾಗಿದೆ.

ತೊಂಬತ್ತೊಂಬತ್ತು. ಬಂದೆ ಅತ್ತೆ, ಒಂದೇ ನಿಮಿಷ, ಇದೊಂದು