ಹಂಡೆಯ ಮುಂದೆ ಫ್ರೌಕೆ

ನವೆಂಬರ್ 3, ಭಾನುವಾರ

ಒಣಗಿದ ಮರುಗ ಉಜ್ಜಿ ಡಬ್ಬಿಗೆ ತುಂಬಿದೆ. ಮೂರು ಡಬ್ಬಿ. ಲಿವರ್ ಸಾಸೇಜಿಗೆ ಸಾಕು. ಹದಿನಾರಕ್ಕೆ ನಮ್ಮ ಹಂದಿ ಕಡಿಯುವುದು. ಮನೆಮನೆಗೆ ಬಂದು ಕಡಿದುಕೊಡುವ ಕಸ್ಪಾರ್‌ಗೆ ಫೋನ್ ಮಾಡಿದ್ದೂ ಆಯಿತು.

ಮಧ್ಯಾಹ್ನ ಮೈದುನ ಅಲ್ವಿನ್ ಮನೆಯಲ್ಲಿ ಊಟ. ಅವನ ಹೊಸ ಹೆಂಡತಿ ಫ್ರೌಕೆ, ಉತ್ತರದ ಸಮುದ್ರದ ಕಡೆಯವಳು. ಅವರ ಊರಿನ ಕೇಲ್ ಸೊಪ್ಪು ಬೇಯಿಸಿ, ಮೇಲೆ ಹೊಗೆ ಹಿಡಿಸಿದ ಸಾಸೇಜ್ ಇಟ್ಟು ಬಡಿಸಿದಳು. ಸಾಸಿವೆಯನ್ನೂ ತಾನೇ ಅರೆದದ್ದಂತೆ! ಮಾವ ಎರಡನೇ ಸಲ ಹಾಕಿಸಿಕೊಂಡರು. ದಿನಾ ನನ್ನ ಕೈಯಡುಗೆ ಉಣ್ಣುವವರು, ಒಮ್ಮೆಯೂ ಇನ್ನಷ್ಟು ಕೊಡು ಅಂದವರಲ್ಲ. ನನ್ನ ಗಂಡ ವೆಂಡೆಲಿನ್ ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ.

ಆಮೇಲೆ ಮಾವ ಅಂದರು, "ಒಟಿಲಿ, ಈ ಸಲ ಹಂಡೆ ಹತ್ರ ಫ್ರೌಕೆ ನಿಂತ್ಕೊಳ್ಲಿ ಕಣಮ್ಮ. ನಿಂಗೆ ಮಂಡಿ ನೋವು ಬೇರೆ."

ಮಂಡಿ ನೋವು ಅಂದಿದ್ದು ಮೆಟ್ಟಿಲು ಹತ್ತುವಾಗ. ಹಂಡೆ ಮುಂದೆ ಅಲ್ಲ.

ಅತ್ತೆ ಹೋದ ಮೇಲೆ ಹನ್ನೊಂದು ವರ್ಷ, ಮಾಂಸ, ಸಾಸೇಜ್ ಬೇಯಿಸುವ ಆ ಹಂಡೆ ನನ್ನದು. ಹಂದಿ ಕಡಿಯುವ ದಿನ ಅದರ ಮುಂದೆ ಸೌಟು ಹಿಡಿದು ನಿಂತವಳೇ ಈ ಮನೆಗೆ ದೊಡ್ಡವಳು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

"ಆಗ್ಲಿ ಮಾವ" ಅಂದೆ. ಹೊಟ್ಟೆಯಲ್ಲಿ ಬೆಂಕಿ.

ನವೆಂಬರ್ 7

ಬೇಕರಿಯಲ್ಲೂ ಅವಳದೇ ಸುದ್ದಿ. "ನಿಮ್ ಓರಗಿತ್ತಿ ಭಾರೀ ಚುರುಕಂತೆ! ಹಂಡೆ ಅವರಿಗೇ ಕೊಟ್ರಂತೆ!"

ನಾಲ್ಕು ದಿನಕ್ಕೇ ಊರೆಲ್ಲ... ತೂಗಿಸಿದ ಬ್ರೆಡ್ ಅಲ್ಲೇ ಬಿಟ್ಟು ಬಂದೆ.

ನವೆಂಬರ್ 12, ಸಂಜೆ 5

ಫ್ರೌಕೆ ಬಂದಿದ್ದಳು. ಕೈಯಲ್ಲಿ ನೋಟ್‌ಬುಕ್, ಪೆನ್ನು. ಸ್ಕೂಲಿಗೆ ಹೊರಟವಳ ಹಾಗೆ.

"ಅಕ್ಕಾ, ಕಸ್ಪಾರ್ ಸಾಸೇಜ್ ತುಂಬಿ ಕೊಟ್ಮೇಲೆ ಹೆಂಗೆ ಬೇಯಿಸೋದು? ಉರಿ ಎಷ್ಟಿರ್ಬೇಕು?"

ನೀರಿನಿಂದ ಹಬೆ ಏಳಬೇಕು, ನೀರು ಅಲುಗಬಾರದು. ಕುದಿ ಬಂದರೆ ಸಾಸೇಜಿನ ಕರುಳಿನ ಚೀಲ ಒಡೆದು, ಒಳಗೆ ತುಂಬಿದ ಮಾಂಸವೆಲ್ಲ ನೀರುಪಾಲು. ನಮ್ಮ ಕಡೆ ಮಕ್ಕಳಿಗೂ ಗೊತ್ತು.

"ಚೆನ್ನಾಗಿ ಕುದೀಲಿ" ಅಂದೆ. "ಕೊತಕೊತ ಅಂತ. ಇಲ್ದಿದ್ರೆ ಒಳಗೆ ಹಸಿ ಉಳಿಯುತ್ತೆ."

ಬರೆದುಕೊಂಡಳು. ನನ್ನ ಕೈ ಹಿಡಿದು ಥ್ಯಾಂಕ್ಸ್ ಅಂದಳು.

ಇದನ್ನು ಬರೆಯುವಾಗಲೂ ನಾಚಿಕೆ ಆಗುತ್ತಿಲ್ಲ. ಆಗಬೇಕಿತ್ತು.

ನವೆಂಬರ್ 15

ನಿಜ ಹೇಳಿಬಿಡೋಣ ಅಂತ ಫೋನ್ ಮಾಡಿದೆ. ಅಲ್ವಿನ್ ಎತ್ತಿಕೊಂಡ. "ಅತ್ತಿಗೆ, ಅವ್ಳು ಏಪ್ರನ್‌ಗೆ ಇಸ್ತ್ರಿ ಹಾಕ್ತಿದಾಳೆ. ಎರಡನೇ ಸಲ! ಮದುವೆ ದಿನಾನೂ ಇಷ್ಟು ಸಂಭ್ರಮ ಇರ್ಲಿಲ್ಲ ಕಣ್ರೀ."

ನಾಳೆ ಎಷ್ಟು ಗಂಟೆಗೆ ಬರ್ತೀರಿ ಅಂತ ಕೇಳಿ ಇಟ್ಟೆ. ಸಂಭ್ರಮವಂತೆ.

ನವೆಂಬರ್ 16, ಶನಿವಾರ, ಸಂಜೆ

ಕೈಯಿಂದ ಈರುಳ್ಳಿ ವಾಸನೆ ಹೋಗಿಲ್ಲ. ಬರೆದೇ ಮಲಗುತ್ತೇನೆ.

ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಹಂಡೆಯಿಂದ ತೆಗೆದ ಬಿಸಿ ಹೊಟ್ಟೆಮಾಂಸ, ಉಪ್ಪು, ಬ್ರೆಡ್ — ಎಲ್ಲರೂ ಅಂಗಳದಲ್ಲಿ ನಿಂತೇ ತಿಂದರು. ಬಡಿಸಿದವಳು ಅವಳು. ನಾನು ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತೆ.

ಹನ್ನೊಂದಕ್ಕೆ ಸಾಸೇಜ್ ಹಂಡೆಗೆ ಬಿತ್ತು. ಅವಳು ಸೌದೆ ಒಟ್ಟಿದಳು. ನೀರು ಕೊತಕೊತ ಅನ್ನುವುದು ನಾನು ಕೂತಲ್ಲಿಗೇ ಕೇಳಿಸಿತು. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಪಟ್. ಮತ್ತೊಂದು ಪಟ್.

ಕಸ್ಪಾರ್ ಕೊಟ್ಟಿಗೆಯಿಂದ ಓಡಿಬಂದ. "ಅಯ್ಯೋ, ಯಾರಮ್ಮಾ ಇಷ್ಟು ಉರಿ ಹಾಕಿದ್ದು!" ಮೂವತ್ತೆರಡರಲ್ಲಿ ಒಂಬತ್ತು ಉಳಿದವು. ಎಲ್ಲರೂ ಸುತ್ತ ಸೇರಿದರು. ಫ್ರೌಕೆ ನನ್ನ ಕಡೆ ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ, ಚಾಕು ಕೆಳಗಿಟ್ಟೆ.

"ನಂದೇ ತಪ್ಪು" ಅಂದಳು. "ಉರಿ ಕಡೆ ನೋಡ್ಲಿಲ್ಲ."

ಮಾವ ಕೋಲೂರಿಕೊಂಡು ಬಂದರು. ಸೌಟು ಅದ್ದಿ, ಊದಿ, ಆ ನೀರನ್ನು ಕುಡಿದರು; ಸಾಸೇಜ್ ಬೆಂದ ನೀರೇ ನಮ್ಮಲ್ಲಿ ಆ ದಿನದ ಸೂಪು. ಬೂದುಬಣ್ಣ, ಅಂಬಲಿಯ ಹಾಗೆ ಗಟ್ಟಿ. ಇನ್ನೊಂದು ಸೌಟು ಕುಡಿದರು.

"ಇದು ಸೂಪು! ನಮ್ಮಮ್ಮ ಬೇಕಂತ್ಲೇ ನಾಕು ಒಡೀತಿದ್ಲು, ರುಚಿ ಇಳೀಲಿ ಅಂತ. ಹನ್ನೊಂದು ವರ್ಷದಿಂದ ಪಾತ್ರೆ ತೊಳೆದ ನೀರು ಕುಡ್ದೂ ಕುಡ್ದೂ ಸಾಕಾಗಿತ್ತು. ಮುಂದಿನ ವರ್ಷಾನೂ ಹಂಡೆ ಫ್ರೌಕೆದೇ!"

ಎಲ್ಲರೂ ನಕ್ಕರು. ವೆಂಡೆಲಿನ್ ಕೂಡ. ಸೂಪಿಗೆ ಹಾಲಿನ ಕ್ಯಾನ್ ಹಿಡಿದು ಬರುವ ಅಕ್ಕಪಕ್ಕದವರು ಈ ವರ್ಷ ಎರಡೆರಡು ಸಲ ಬಂದರು.

ಪಾತ್ರೆ ತೊಳೆದ ನೀರು. ಒಂದೂ ಒಡೆಯದ ಹಾಗೆ ಹನ್ನೊಂದು ವರ್ಷ ಉರಿ ಕಾದಿದ್ದಕ್ಕೆ ಇದು.

ನವೆಂಬರ್ 17

ಏನೂ ಇಲ್ಲ. ಮೈ ಸರಿಯಿಲ್ಲ ಅಂದು ಚರ್ಚಿಗೂ ಹೋಗಲಿಲ್ಲ.

ನವೆಂಬರ್ 24, ಭಾನುವಾರ, 11.40

ಒಳಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮೇಜಿಗೆ ಬಟ್ಟೆ ಹುಡುಕುವ ನೆಪ. ಫ್ರೌಕೆ ಅಡುಗೆಮನೆಯಲ್ಲಿದ್ದಾಳೆ.

ಒಬ್ಬಳೇ ಬಂದಳು. ಕೋಟು ಕೂಡ ತೆಗೆಯಲಿಲ್ಲ.

"ಅಕ್ಕಾ, ಕುದಿಸ್ಬಾರ್ದು ಅಂತ ನಂಗೆ ಗೊತ್ತಿತ್ತು. ಹಿಂದಿನ ದಿನಾನೇ ಕಸ್ಪಾರ್ ಹೇಳಿದ್ದ."

"ಮತ್ಯಾಕೆ...?"

"ಸಾಸೇಜ್ ಚೆನ್ನಾಗಿ ಬಂದಿದ್ರೆ ಹಂಡೆ ನಂದಾಗ್ತಿತ್ತು. ಆಮೇಲೆ ನೀವು ನನ್ ಮುಖ ನೋಡ್ತಿದ್ರಾ? ಒಡೆದ್ರೆ ಮಾವ ಬೈದು ನಿಮಗೇ ವಾಪಸ್ ಕೊಡ್ತಾರೆ ಅಂದ್ಕೊಂಡೆ. ಅವ್ರು ಕುಡಿದು ಕುಣೀತಾರೆ ಅಂತ ಯಾರಿಗ್ ಗೊತ್ತಿತ್ತು?" ನಗಲು ನೋಡಿದಳು, ಆಗಲಿಲ್ಲ. "ಅಲ್ವಿನ್ ಬಿಟ್ರೆ ಈ ಊರಲ್ಲಿ ನಂಗೆ ಯಾರಿದಾರೆ ಅಕ್ಕಾ? ಹಂಡೆ ಬೇಡ ಅಂತ ಇವತ್ತು ಮಾವಂಗೆ ನಾನೇ ಹೇಳ್ತೀನಿ. ನಂಗೆ ಬರಲ್ಲ, ಹೋದ್ಸಲ ಹಾಳ್ ಮಾಡ್ದೆ ಅಂತೀನಿ. ನೀವು ಸುಮ್ನಿದ್ರೆ ಸಾಕು."

ಕೂತ್ಕೋ ಅಂದೆ. ಈ ಕೋಣೆಗೆ ಬಂದುಬಿಟ್ಟೆ.

ಒಳ್ಳೆಯತನದಲ್ಲೂ ನನ್ನನ್ನು ಮೀರಿಸಿದಳು. ಸುಳ್ಳೇಕೆ, ಅದಕ್ಕೂ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಸುಮ್ಮನಿದ್ದರೆ ಸಾಕು. ಹಂಡೆ ನನ್ನದು. ಊರಿನ ಬಾಯಿ ಮುಚ್ಚುತ್ತದೆ. ಅವಳು ಕೈಲಾಗದವಳು ಅನ್ನಿಸಿಕೊಳ್ಳುತ್ತಾಳೆ, ಅಷ್ಟೇ ತಾನೆ? ಅವಳೇ ಒಪ್ಪಿದ್ದಾಳೆ.

ಗೇಟು ತೆಗೆದ ಸದ್ದು. ಚರ್ಚ್ ಮುಗಿಸಿ, ಬಿಯರ್ ಕುಡಿದು ಮಾವ ಬಂದರು. ಕುರ್ಚಿ ಎಳೆದರು. ಅವಳ ದನಿ —

"ಮಾವ, ಆ ಹಂಡೆ ವಿಷಯ ಒಂದ್ ಮಾತು ಹೇಳ್ಬೇಕಿತ್ತು..."

ಬೇಡ. ತಾಳೇ ಫ್ರೌಕೆ, ಕುದಿಸು ಅಂದದ್ದು ನಾನು ಅಂತ ನಾನೇ ಬಂದು ಹೇಳ್ತೀನಿ —