ಕ್ಯಾಸೆಟ್ಟಿನಲ್ಲಿಲ್ಲದ ಸವಾಲು

ಹಲಗೇರಿ
೯-೭-೧೯೯೧

ಮಗ ಹನೀಫನಿಗೆ ಅಮ್ಮನ ನೂರು ದುವಾ,

ಕೆಮ್ಮು ನಿಂತಿತೇನಪ್ಪಾ? ಹಾವೇರಿಯ ಆ ಅಂಗಡಿಯಲ್ಲಿ ಬಾಗಿಲು ಮುಚ್ಚಿಕೊಂಡು ದಿನವಿಡೀ ಕ್ಯಾಸೆಟ್ಟಿಗೆ ಹಾಡು ತುಂಬುತ್ತಾ ಕೂತರೆ ಕೆಮ್ಮು ಬರದೆ ಇನ್ನೇನು ಬಂದೀತು! ನಾನು ಆರಾಮ. ನಿನ್ನ ಅಬ್ಬಾನ ಮೈ ಆರಾಮ ಇದೆ, ಮನಸ್ಸು ಇಲ್ಲ.

ಹೋದ ಮೊಹರಂನಲ್ಲಿ ಅಬ್ಬಾ ಹಾಡಿದ ರಿವಾಯತ್ ಪದಗಳನ್ನು ಕ್ಯಾಸೆಟ್ ಮಾಡಿ ಮಾರಿದೆಯಲ್ಲ, ಸವಾಲೂ ಅದರಲ್ಲೇ, ಜವಾಬೂ ಅದರಲ್ಲೇ. ಊರೂರಿನವರು ಕೊಂಡರೆಂದು ನಾನೂ ಹಿಗ್ಗಿದ್ದೆ, ಸುಳ್ಳೇಕೆ ಹೇಳಲಿ. ಮೊನ್ನೆ ಅಬ್ಬಾನ ಹಿಂದೆ ದನಿಗೂಡಿಸುವ ಮೈಲಪ್ಪ ಗುತ್ತಲಕ್ಕೆ ಹೋಗಿದ್ದ. ವರ್ಷವೂ ನಮ್ಮೆದುರು ನಿಂತು ನಮ್ಮ ಸವಾಲಿನ ಪದಕ್ಕೆ ಪದದಲ್ಲೇ ಜವಾಬು ಹಾಡುವ ಅಲ್ಲಿನ ಮೇಳದವರು ನಿನ್ನ ಕ್ಯಾಸೆಟ್ ಹಚ್ಚಿ, ನಿಲ್ಲಿಸಿ ನಿಲ್ಲಿಸಿ ಬಾಯಿಪಾಠ ಮಾಡುತ್ತಿದ್ದರಂತೆ. ಬಂದವನೇ ಅಬ್ಬಾಗೆ "ಫಕ್ಕೀರಸಾಬಣ್ಣಾ, ಈ ಸಲ ನಾವು ಯಾವ ಸವಾಲ್ ಹಾಕಿದ್ರೂ ಜವಾಬು ಅವ್ರ ಬಾಯಾಗ ತಯಾರ್ ಐತಿ" ಅಂದ. ಅಬ್ಬಾ ಉಣ್ಣುತ್ತಿದ್ದ ತಾಟು ಸರಿಸಿ ಎದ್ದರು.

ಊರಲ್ಲಿ ಯಾರೋ "ಮೈಕಿಗೆ ಕ್ಯಾಸೆಟ್ಟೇ ಹಚ್ಚೂಣು, ಮುದುಕಗ ಯಾಕ ತ್ರಾಸು" ಅಂದಿದ್ದೂ ಅವರ ಕಿವಿಗೆ ಬಿತ್ತು. "ಹೊಸಾ ಸವಾಲ್ ಬಂದ್ರ ನಿನ್ನ ಡಬ್ಬಿ ಜವಾಬ್ ಕೊಡ್ತೈತೇನು ಅಂತ ಮಗನ್ನ ಕೇಳು" ಎಂದು ನನ್ನ ಮೇಲೆ ಹರಿಹಾಯ್ದರು. ಅಂದಿನಿಂದ ದಪ್ಪು ಬಾರಿಸುವುದಿರಲಿ, ಮುಟ್ಟಿಯೂ ಇಲ್ಲ. ನನಗೂ ನಿನ್ನ ಮೇಲೆ ಸಿಟ್ಟಿದೆ, ಮಾರುವ ಮೊದಲು ಅವರನ್ನು ಒಂದು ಮಾತು ಕೇಳಬಾರದಿತ್ತೇ? ಮೊಹರಂಗೆ ಎರಡು ವಾರವೂ ಉಳಿದಿಲ್ಲ. ಮೂವತ್ತು ವರ್ಷ ಮೇಳ ನಡೆಸಿದವರು ಈ ಸಲ ಮನೆಯಲ್ಲಿ ಕೂತರೆ ಮತ್ತೆ ಹಾಡುವುದಿಲ್ಲ. ನನಗೆ ಭಯವಾಗಿದೆ, ಹನೀಫ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾ ನಿನ್ನನ್ನು ಕಾಯಲಿ. ಮೈಲಪ್ಪ ನಿನ್ನನ್ನು ಕೇಳಿದ್ದಾನೆ.

ನಿನ್ನ ಅಮ್ಮ,
ಚಮನಬಿ

ತಾ.ಕ.: ಕಾಗದ ಬರೆದಿಟ್ಟು ಎರಡು ದಿನವಾಯಿತು, ಕವರು ಅಂಟಿಸುವ ಮೊದಲು ಹೇಳಿಯೇ ಬಿಡುತ್ತೇನೆ. ನಿನ್ನೆ ರೊಟ್ಟಿ ಬಡಿಯುತ್ತಾ ನಾನೇ ಐದು ನುಡಿಯ ಹೊಸ ಸವಾಲು ಕಟ್ಟಿ ಹಾಡಿಕೊಂಡೆ. ಅಬ್ಬಾ ಬಾಗಿಲಲ್ಲಿ ನಿಂತು ಕೇಳಿದರು. "ಇನ್ನೊಮ್ಮೆ ಅನ್ನು" ಅಂದರು. ಸಂಜೆ ಚರ್ಮ ಬಿಗಿಯಾಗಲೆಂದು ದಪ್ಪು ಬೆಂಕಿಗೆ ಕಾಯಿಸಿದರು! ಆದರೆ ಈ ವಯಸ್ಸಿಗೆ ಹೊಸ ನುಡಿ ತಲೆಯಲ್ಲಿ ನಿಲ್ಲುತ್ತಿಲ್ಲ, ಮೂರನೆಯದಕ್ಕೆ ತಪ್ಪುತ್ತಾರೆ. ಮೈಲಪ್ಪನೂ ಮುದುಕನೇ. ಪಕ್ಕದಲ್ಲಿ ನಿಂತು ನುಡಿ ಎತ್ತಿಕೊಡಲು ನೀನು ಬೇಕು. ರವಿವಾರ ಬಾ, ಹಾಡು ತುಂಬುವ ಮಶೀನು ತರಬೇಡ, ಒಲೆ ಮುಂದೆ ಕೂತು ನನ್ನ ಬಾಯಿಂದ ಕಲಿ. ಹೆಂಗಸರು ಮೇಳದಲ್ಲಿ ನಿಲ್ಲುವ ಪದ್ಧತಿ ನಮ್ಮೂರಲ್ಲಿಲ್ಲ. ನೀನು ಬಾರದಿದ್ದರೆ ನಾನೇ ಸೆರಗು ಬಿಗಿದು ಅವರ ಪಕ್ಕ ನಿಲ್ಲುತ್ತೇನೆ, ಊರು ಏನಾದರೂ ಅನ್ನಲಿ.