ಏಳೆಂಟ್ಲ ಎಷ್ಟು?

ಸೋಮವಾರ, ಬೆಳಿಗ್ಗೆ. (ತಾರೀಖು ಇವರನ್ನು ಕೇಳಿ ಬರೆಯಬೇಕು)

ಬಲಗೈ ಬೆರಳು ಮಡಚುವುದು, ಬಿಡಿಸುವುದು. ಮೆತ್ತನೆ ಚೆಂಡು ಹಿಸುಕುವುದು. ಆಮೇಲೆ ಇದು, ದಿನಚರಿ. ಡಾಕ್ಟರ ಅಪ್ಪಣೆ. ದಿನಾ ನಾಲ್ಕು ಸಾಲು, ಏನಾದರೂ ಸರಿ. ಅಕ್ಷರ ಕೋಳಿ ಕೆದರಿದ ಹಾಗೆ ಬರುತ್ತಿದೆ. ಬರಲಿ. ಓದುವವರು ಯಾರು, ನಾನೇ ತಾನೆ.

ಅದಾದ ಮೇಲೆ ಇವರ ಕ್ಲಾಸು. ಫೋಟೊ ಫ್ರೇಮಿನ ಅಂಗಡಿ ತೆರೆಯುವ ಮೊದಲು ಯಜಮಾನರು ಹೆಂಡತಿಗೆ ಲೆಕ್ಕ ಹೇಳಿಕೊಡುತ್ತಾರೆ. ಹತ್ತನೇ ತರಗತಿಗೆ ಗಣಿತ ಕಲಿಸುತ್ತ ತಲೆ ನರೆಸಿಕೊಂಡ ಹೆಂಡತಿಗೆ! ನಗಬೇಕೋ ಅಳಬೇಕೋ.

"ಏಳೂ ಎಂಟೂ ಸೇರಿದ್ರೆ?"

ಖಾಲಿ.

"ಹೋಗ್ಲಿ, ಏಳೆಂಟ್ಲ?"

ಮಗ್ಗಿಯ ರಾಗ ಬಂತು. ರಾಗ ಮಾತ್ರ. ಉತ್ತರ ಇರುವ ಜಾಗದಲ್ಲಿ ಏನೂ ಇಲ್ಲ.

"ಎ ಪ್ಲಸ್ ಬಿ ಹೋಲ್ ಸ್ಕ್ವೇರ್?"

ಪಟಪಟ ಒಪ್ಪಿಸಿದೆ. ಎ ಕ್ಯೂಬ್ ಮೈನಸ್ ಬಿ ಕ್ಯೂಬೂ ಹೇಳಿದೆ, ಕೇಳದಿದ್ದರೂ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಲ್ಲ, ಅಂಕಿಗಳಿದ್ದ ಜಾಗ ಹಾಳಾಗಿದೆಯಂತೆ. ಅಕ್ಷರಗಳಿದ್ದ ಜಾಗ ಉಳಿದಿದೆಯಂತೆ. ಬೀಜಗಣಿತ ಇದೆ, ಮಗ್ಗಿ ಇಲ್ಲ. ಮಹಡಿ ಇದೆ, ಮೆಟ್ಟಿಲಿಲ್ಲ.

ಮಧ್ಯಾಹ್ನ ಹೆಡ್ ಮಿಸ್ ಫೋನು. ಮುಂದಿನ ತಿಂಗಳು ಒಂದು ದಿನ ಹತ್ತನೇ ತರಗತಿಗೆ ಪಾಠ ಮಾಡಿ ತೋರಿಸಬೇಕು, ಅವರು ಹಿಂದೆ ಕೂತು ನೋಡುತ್ತಾರೆ. ಸರಿ ಹೋದರೆ ನನ್ನ ಕ್ಲಾಸು ನನಗೆ. "ಇಲ್ದಿದ್ರೂ ಯೋಚ್ನೆ ಮಾಡ್ಬೇಡಿ ಮಿಸ್, ಲೈಬ್ರರಿಗೂ ಯಾರಾದ್ರೂ ಬೇಕು." ಅದೇ ಉಸಿರಿನಲ್ಲಿ ಇನ್ನೊಂದು: ಪೋಷಕರ ಸಭೆಗೆ ಒಂದು ಹಾಳೆ ಬರೆದುಕೊಡಬೇಕಂತೆ. ಎಂಟು, ಒಂಬತ್ತು, ಹತ್ತು, ಯಾವ ತರಗತಿಗೆ ಗಣಿತದಲ್ಲಿ ಯಾವ ಯಾವ ಸ್ಕಿಲ್ಸ್ ಬೇಕು ಅಂತ.

ಲೈಬ್ರರಿಯಂತೆ. ಪುಸ್ತಕದ ಧೂಳು ಹೊಡೆಯುವುದಂತೆ. ಚೆಂಡನ್ನು ಎಷ್ಟು ಜೋರಾಗಿ ಹಿಸುಕಿದೆ ಅಂದರೆ ಇವರು ಓಡಿ ಬಂದು "ಕೈ ಸುಧಾರಿಸ್ತು ಕಣೇ!" ಅಂದರು.

ಗುರುವಾರ, ನವೆಂಬರ್ 7

ಪುಸ್ತಕ ತೆರೆದರೆ ಪುಟದ ಮೂಲೆಯಲ್ಲಿ ತಾರೀಖು ಮೊದಲೇ ಇತ್ತು. ಪೆನ್ಸಿಲಿನಲ್ಲಿ. ಇವರ ಅಕ್ಷರ. ನಿನ್ನೆಗೆ ಒಂದು ಕೂಡಿಸುವುದೂ ನನಗೆ ಆಗದು ಅಂತ ಇವರಿಗೆ ಗೊತ್ತು, ಕೇಳಲು ನಾಚಿಕೆ ಅಂತಲೂ ಗೊತ್ತು.

"ಒಳಗೆ ಓದಿದ್ರಾ?"

"ಇಲ್ಲಪ್ಪ. ಮೂಲೆ ಮಾತ್ರ ನಂದು."

ಸಂಜೆ ಮೇಲಿನ ಮನೆಯ ನರ್ಸು ಮಗಳನ್ನು ಕರೆದುಕೊಂಡು ಬಂದಳು. ನಮ್ಮ ಸ್ಕೂಲೇ, ಎಂಟನೇ ತರಗತಿ. ಅರ್ಧವಾರ್ಷಿಕದಲ್ಲಿ ಗಣಿತ ಢುಮ್ಕಿ. "ನಿಮಗೆ ಸುಸ್ತಾಗತ್ತೆ ಅಂದ್ರೆ ಬೇಡ ಮಿಸ್..." ಅಂದಳು. ಸುಸ್ತಂತೆ! ಬಾ ಅಂದೆ. ಹುಡುಗಿಗೆ ಇಡೀ ಸ್ಕೂಲು ಇಟ್ಟ ಹೆಸರು ಯಾಕಮ್ಮ. ಬಾಯಿ ಬಿಟ್ಟರೆ "ಯಾಕೆ?"

ಪುಸ್ತಕದ ಲೆಕ್ಕ: ಐದು ಡಬ್ಬಿ, ಎಲ್ಲದರಲ್ಲೂ ಒಂದೇ ಸಮ ಪೆನ್ಸಿಲು. ಹೊರಗೆ ಮೂರು. ಒಟ್ಟು ಮೂವತ್ತೆಂಟು.

"ಎಕ್ಸ್ ಯಾಕೆ ಮಿಸ್? ಡಬ್ಬಿ ತೆಗೆದು ಎಣಿಸಿದ್ರಾಯ್ತಲ್ಲ."

"ಬೀಗ ಹಾಕಿದೆ."

"ಯಾಕೆ?"

"ನಿನ್ನಂಥವರು ತೆಗೀಬಾರದು ಅಂತ." ಮೂಗಿನ ತುದಿಯ ಕೋಪ ಕಾಯಿಲೆಯಲ್ಲೂ ಹೋಗಿಲ್ಲ. ಅವಳು ನಕ್ಕಳು. ಆಮೇಲೆ ಸಮಾಧಾನವಾಗಿ ಹೇಳಿದೆ: "ನೋಡು ಮರಿ, ಗೊತ್ತಿಲ್ಲ ಅಂತ ಸುಮ್ನೆ ಕೂತ್ರೆ ಲೆಕ್ಕ ಅಲ್ಲೇ ಕೂರತ್ತೆ. ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಡು. ಆಗ ಅದನ್ನ ಕೈಲಿ ಹಿಡಿದು ಆ ಕಡೆ ಈ ಕಡೆ ಮಾಡಬಹುದು."

ಹೆಸರಿಟ್ಟಳು. ಮೂರನ್ನು ಆಚೆ ಕಳಿಸು, ಚಿಹ್ನೆ ಬದಲಾಯಿಸು ಅಂದೆ. ಮೂವತ್ತೆಂಟು ಮೈನಸ್ ಮೂರು. ನನ್ನ ನಾಲಿಗೆ ನಿಂತಿತು. ಅಷ್ಟರಲ್ಲಿ ಅವಳು: "ಮೂವತ್ತೈದು, ಐದೇಳ್ಲ ಮೂವತ್ತೈದು, ಡಬ್ಬಿಗೆ ಏಳು!"

ಶಭಾಷ್ ಅಂತ ಕೂಗಿದೆ. ಅರ್ಧ ಅವಳಿಗೆ, ಅರ್ಧ ನನ್ನ ಮಾನ ಉಳಿಯಿತಲ್ಲ ಅಂತ.

ಶನಿವಾರ, ನವೆಂಬರ್ 9

ಸಿಕ್ಕಿಬಿದ್ದೆ.

"ಮಿಸ್, ಕೊನೇ ಸಾಲು ಯಾವಾಗ್ಲೂ ನನಗೇ ಯಾಕೆ ಬಿಡ್ತೀರ?"

ಅಭ್ಯಾಸ ಆಗಲಿ ಅಂತ, ಅಂದೆ.

"ಸುಳ್ಳು. ಈಗ ನಾನು ತಪ್ಪು ಹೇಳ್ದೆ. ಬೇಕಂತಲೇ. ನೀವು ಬೈಲಿಲ್ಲ."

ನನ್ನ ಮನೆಯಲ್ಲಿ ಕೂತು ನನಗೇ ಗಾಳ ಹಾಕಿದ್ದಾಳೆ, ಗಟ್ಟಿಗಿತ್ತಿ. ಹೇಳಿದೆ, ಎಲ್ಲ. ಆಸ್ಪತ್ರೆ, ಹೋದ ಮಗ್ಗಿ, ಹೆಡ್ ಮಿಸ್, ಲೈಬ್ರರಿ. ಅವಳು "ಯಾಕೆ?" ಅನ್ನಲಿಲ್ಲ. ಮೊದಲ ಸಲ. ರಬ್ಬರು ಉರುಳಿಸುತ್ತ ಕೇಳಿದಳು:

"ಹಾಗಾದ್ರೆ ನೀವು ಹತ್ತನೇ ಕ್ಲಾಸೂ ಹೌದು, ಎರಡನೇ ಕ್ಲಾಸೂ ಹೌದು ಅಲ್ವಾ ಮಿಸ್?"

ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ನಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನದಲ್ಲ.

ಒಪ್ಪಂದ ಆಯಿತು. ನಾನು ಅವಳಿಗೆ ಎಕ್ಸು, ಅವಳು ನನಗೆ ಮಗ್ಗಿ. ಕುರುಡನ ಹೆಗಲ ಮೇಲೆ ಕುಂಟ ಕೂತ ಹಾಗೆ ನಮ್ಮ ಜೋಡಿ. ನನ್ನ ಮೆತ್ತನೆ ಚೆಂಡು ಎಸೆಯುತ್ತಾಳೆ, ಹಿಡಿಯುವಾಗ ಉತ್ತರ ಹೇಳಬೇಕು. "ಯೋಚ್ನೆ ಮಾಡ್ಬೇಡಿ ಮಿಸ್, ಹಿಡೀರಿ!" ಒಂದು ಮೂಗಿಗೇ ಬಿತ್ತು. ಇವರು ಬಾಗಿಲಲ್ಲಿ ನಿಂತು ನೋಡಿ, ಬಾಯಿ ಮುಚ್ಚಿಕೊಂಡು ನಕ್ಕು ಹೋದರು.

ಬುಧವಾರ, ನವೆಂಬರ್ 13

ಎರಡರ ಮಗ್ಗಿ ಬಂತು. ಐದರದು ಬಂತು. ಮೂರರದು ಬರುತ್ತದೆ, ಹೋಗುತ್ತದೆ. ಏಳೆಂಟ್ಲ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಯಾಕಮ್ಮ ಮೆಟ್ಟಿಲ ಮೇಲಿಂದ, ನೀರು ಹಿಡಿಯುವಾಗ, ಎಲ್ಲೆಂದರಲ್ಲಿಂದ ಕೂಗುತ್ತಾಳೆ. "ಮಿಸ್, ಏಳೆಂಟ್ಲ?" ಬೀದಿಯವರೆಲ್ಲ ಕಲಿತರು, ನಾನು ಕಲಿಯಲಿಲ್ಲ.

ಹೆಡ್ ಮಿಸ್ ಕೇಳಿದ ಹಾಳೆ ಬರೆಯಲು ಕೂತೆ. "ಎಂಟನೇ ತರಗತಿ: ಋಣ ಸಂಖ್ಯೆಗಳು, ಸರಳ ಸಮೀಕರಣ, ಶೇಕಡಾ. ಒಂಬತ್ತು: ಅಪವರ್ತನ, ನಕ್ಷೆ, ಪ್ರಮೇಯದ ಸಾಧನೆ. ಹತ್ತು: ವರ್ಗ ಸಮೀಕರಣ..." ಸಾಕಾಯಿತು. ಇದು ಪುಸ್ತಕದ ಪರಿವಿಡಿ. ಇದನ್ನು ತಂದೆತಾಯಿ ಓದಿ ಏನು ಮಾಡಬೇಕು? ಹರಿದೆ.

ನಿಜವಾಗಿ ಏನು ಬೇಕು? ಇಷ್ಟು ವರ್ಷ ಮಕ್ಕಳನ್ನು ನೋಡಿದ್ದೇನಲ್ಲ. ಒಂಬತ್ತನೇ ತರಗತಿಯಲ್ಲಿ ಮಕ್ಕಳು ಬೀಳುವುದು ಉತ್ತರ ಗೊತ್ತಿಲ್ಲದೆ ಅಲ್ಲ. "ಎರಡು ತ್ರಿಕೋನ ಒಂದೇ, ನೋಡಿದ್ರೇ ಗೊತ್ತಾಗತ್ತಲ್ಲ ಮಿಸ್" ಅನ್ನುತ್ತವೆ. ಕಣ್ಣಿಗೆ ಕಂಡರೆ ಆಗದು, "ಏಕೆಂದರೆ" ಅಂತ ಬರೆಯಬೇಕು. ಅದಕ್ಕೆ ಯಾಕೆ ಅಂತ ಕೇಳುವ ಬಾಯಿ ಬೇಕು. ಆ ಲೆಕ್ಕದಲ್ಲಿ ನಮ್ಮ ಮೇಲಿನ ಮನೆಯ ಹುಡುಗಿ ಎಂಟರಲ್ಲಿ ಢುಮ್ಕಿ ಹೊಡೆದು ಒಂಬತ್ತರಲ್ಲಿ ಪಾಸಾಗಿದ್ದಾಳೆ. ಅವಳಿಗೆ ಹೇಳಿದೆ. ಹಿಗ್ಗಿ ಹೀರೇಕಾಯಾದಳು.

ಗುರುವಾರ, ನವೆಂಬರ್ 28

ಇಷ್ಟು ದಿನ ಬರೆಯಲಿಲ್ಲ. ಮೂಲೆಯಲ್ಲಿ ತಾರೀಖು ಮಾತ್ರ ದಿನಾ ಬಿದ್ದಿದೆ. ಪುಟದ ಮೇಲೆ ಪುಟ, ಖಾಲಿ, ಮೂಲೆಯಲ್ಲಿ ಇವರ ಪೆನ್ಸಿಲು.

ಪಾಠ ತಯಾರಿ ಮಾಡುತ್ತಿದ್ದೆ. ವರ್ಗ ಸಮೀಕರಣ. ಪುಸ್ತಕದಿಂದ ನಾಲ್ಕು ಲೆಕ್ಕ ಆರಿಸಿಕೊಂಡೆ. ಮೊದಲಿಂದ ಕೊನೆವರೆಗೆ, ಅಂಕಿ ಸಮೇತ ಬಾಯಿಪಾಠ. ಎಲ್ಲಿ ನಿಲ್ಲಬೇಕು, ಎಲ್ಲಿ ಮಕ್ಕಳ ಕಡೆ ತಿರುಗಬೇಕು, ಎಲ್ಲ. ಅಡುಗೆಮನೆಯ ಗೋಡೆಗೆ ಪಾಠ ಮಾಡುತ್ತಿದ್ದಾಗ ಇವರು ಕೇಳಿಸಿಕೊಂಡರು.

"ಉರು ಹೊಡೀತಿದೀಯಾ?"

"ಹೂಂ. ಏನೀಗ?"

"ಏನಿಲ್ಲ. ಉರು ಹೊಡೆದು ಬಂದ ಮಕ್ಕಳನ್ನ ನೀನು ಗಿಣಿರಾಮ ಅಂತ ಬೈತಿದ್ದೆ. ನೆನಪಾಯ್ತು ಅಷ್ಟೆ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಗೊತ್ತು. ಆದರೂ ಬಾಯಿಗೆ ಬಂದದ್ದು ಅಂದುಬಿಟ್ಟೆ. ನಿಮಗೇನು, ಮರದ ಪಟ್ಟಿ ಕೊಯ್ದರೆ ಮುಗೀತು, ಆ ಕ್ಲಾಸು ಹೋದರೆ ನಾನು ಯಾರು, ಇನ್ನೂ ಏನೇನೋ. ಇವರು ಲೋಟ ತೊಳೆದಿಟ್ಟರು. ಹೊರಡುವಾಗ ಹೇಳಿದರು: "ಆ ಕ್ಲಾಸು ಬರೋಕೆ ಮುಂಚೆ ನೀನು ನನಗೆ ನೀನೇ ಆಗಿದ್ದೆ ಕಣೇ. ಈಗ್ಲೂ ಇದೀಯ."

ಬಾಗಿಲು ಹಾಕಿಕೊಂಡು ಅತ್ತೆ. ಅತ್ತ ಮೇಲೂ ಮತ್ತೆ ಉರು ಹೊಡೆದೆ. ನನ್ನ ಹಟ ನನಗೆ.

ಸೋಮವಾರ, ಡಿಸೆಂಬರ್ 2. ಸಂಜೆ.

ಆಯಿತು.

ಕ್ರಮವಾಗಿ ಬರೆಯುತ್ತೇನೆ. ಮೊದಲ ಲೆಕ್ಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ಎರಡನೆಯದೂ. ಕೊನೇ ಬೆಂಚಿನಲ್ಲಿ ಹೆಡ್ ಮಿಸ್ ತಲೆದೂಗುತ್ತಿದ್ದರು. ಆಮೇಲೆ ಅವರೇ ಅಂದರು: "ಚೆನ್ನಾಗಿದೆ ಮಿಸ್. ಈಗ ಮಕ್ಕಳು ಒಂದು ಆರಿಸ್ಲಿ."

ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಓದಿದಳು, ನಾನು ಬೋರ್ಡಿನ ಮೇಲೆ ಬರೆದೆ. x² − 15x + 56 = 0. (ಚೀಟಿಗೆ ಇಳಿಸಿಕೊಂಡು ತಂದು ಇಲ್ಲಿ ನಕಲು ಮಾಡಿದ್ದೇನೆ.)

ನನ್ನ ನಾಲ್ಕರಲ್ಲಿ ಇದಿಲ್ಲ.

ಎರಡು ಸಂಖ್ಯೆ ಬೇಕು. ಕೂಡಿದರೆ ಹದಿನೈದು, ಗುಣಿಸಿದರೆ ಐವತ್ತಾರು. ಇಷ್ಟು ಗೊತ್ತು. ಆ ಎರಡು ಯಾವುವು ಅಂದರೆ... ಗೋಡೆ. ಸೀಮೆಸುಣ್ಣ ಬೆವರಿನಲ್ಲಿ ಒದ್ದೆಯಾಯಿತು. ಆಗ ನಾನೇ ಡಬ್ಬಿಯ ಲೆಕ್ಕದಲ್ಲಿ ಹೇಳಿದ್ದು ನೆನಪಾಯಿತು. ಗೊತ್ತಿಲ್ಲದ್ದಕ್ಕೆ ಹೆಸರಿಡು. ಪಿ ಅಂದೆ, ಕ್ಯೂ ಅಂದೆ, ಬರೆದೆ. "ಹೇಳಿ, ಯಾವುವು?"

"ಆರು, ಒಂಬತ್ತು!" ಕಿಟಕಿ ಪಕ್ಕದ ಹುಡುಗ. ಇನ್ನೂ ನಾಲ್ಕಾರು ಜನ ಹೌದು ಹೌದು ಅಂದರು.

ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಹೂಂ ಅಂದುಬಿಡಬಹುದಿತ್ತು. ಹಿಂದೆ ಹೆಡ್ ಮಿಸ್ ಪೆನ್ನು ಹಿಡಿದು ಕೂತಿದ್ದರು.

ಸೀಮೆಸುಣ್ಣ ಕೆಳಗಿಟ್ಟೆ. "ನೋಡಿ ಮಕ್ಕಳೇ, ನನಗೆ ಗೊತ್ತಿಲ್ಲ. ತಮಾಷೆಗಲ್ಲ. ಕಾಯಿಲೆಯಲ್ಲಿ ನನ್ನ ಮಗ್ಗಿ ಹೋಗಿದೆ. ಹೊಸದಾಗಿ ಕಲೀತಾ ಇದೀನಿ. ಆರು, ಒಂಬತ್ತು ಸರಿ ಅಂತೀರಲ್ಲ, ನನ್ನನ್ನ ಒಪ್ಪಿಸಿ. ಉತ್ತರ ಬಂತು ಅಂತ ಬಿಟ್ಟುಬಿಡಬೇಡಿ. ವಾಪಸ್ ಹಾಕಿ ನೋಡಿ."

ಯಾರೂ ನಗಲಿಲ್ಲ. ಕಿಟಕಿಯ ಹುಡುಗ ತಾನೇ ಎದ್ದು ಬಂದ. ಬೋರ್ಡಿನಲ್ಲಿ ಕೂಡಿದ, ಸರಿ. ಗುಣಿಸಿದ. "ಐವತ್ನಾಲ್ಕು... ಅಯ್ಯೋ, ಎರಡು ಕಮ್ಮಿ ಮಿಸ್!" ತಲೆ ಕೆರೆದುಕೊಂಡ. ಕನ್ನಡಕದ ಹುಡುಗಿ ಓಡಿ ಬಂದಳು. ಅವರಿಬ್ಬರ ಹಿಂದೆ ಇನ್ನಿಬ್ಬರು. ನನಗೆ ಒಪ್ಪಿಸಲು ಇಡೀ ಕ್ಲಾಸು ಬೋರ್ಡಿಗೆ ಮುತ್ತಿಕೊಂಡಿತು. ಒಬ್ಬಳು ನನಗೋಸ್ಕರ ಗೆರೆ ಎಳೆದು ಏಳು ಸಾಲು ಚುಕ್ಕಿ ಇಟ್ಟು ಎಣಿಸಿ ತೋರಿಸಿದಳು, ಪುಟ್ಟ ಮಗುವಿಗೆ ತೋರಿಸುವ ಹಾಗೆ, ಅಷ್ಟು ಅಕ್ಕರೆಯಿಂದ.

ಏಳು ಮತ್ತು ಎಂಟು. ಏಳೂ ಎಂಟೂ ಕೂಡಿದರೆ, ಏಳೆಂಟ್ಲ. ಪಾಪಿಗಳು ಇಲ್ಲೂ ಬಂದು ನಿಂತಿದ್ದವು.

ಬೆಲ್ ಹೊಡೆದರೂ ಯಾರೂ ಕೂತ ಜಾಗಕ್ಕೆ ಹೋಗಲಿಲ್ಲ. ಹೆಡ್ ಮಿಸ್ ಪೆನ್ನು ಮುಚ್ಚಿ ಎದ್ದು ಹೋದರು.

ಮಂಗಳವಾರ, ಡಿಸೆಂಬರ್ 3

ಹೆಡ್ ಮಿಸ್ ತಾವೇ ಮನೆಗೆ ಬಂದರು. ಕೂತರು, ನೀರು ಕುಡಿದರು, ಕನ್ನಡಕ ಒರೆಸಿದರು.

"ಹತ್ತನೇದು ಕೊಡೋಕಾಗಲ್ಲ ಮಿಸ್. ಪಬ್ಲಿಕ್ ಪರೀಕ್ಷೆ. ಪೋಷಕರಿಗೆ ನಾನು ಉತ್ತರ ಹೇಳ್ಬೇಕು."

ಕೈಗೆ ಬಂದ ತುತ್ತು. ತಲೆ ತಗ್ಗಿಸಿ ಕೂತೆ.

"ಲೈಬ್ರರಿಗೂ ಕಳಿಸಲ್ಲ. ನಿನ್ನೆ ಆ ಮಕ್ಕಳು ಲೆಕ್ಕದ ಹಿಂದೆ ಬಿದ್ದ ಹಾಗೆ ನನ್ನ ಸರ್ವೀಸಲ್ಲಿ ನೋಡಿಲ್ಲ. ಎಂಟನೇದು ತಗೊಳ್ಳಿ. ಎಕ್ಸ್ ಅಂದ್ರೆ ಹೆದರೋ ವಯಸ್ಸು. ಹೆದರಿಕೆ ಬಿಡಿಸೋರು ಬೇಕು ಅಲ್ಲಿಗೆ."

ಹತ್ತರಿಂದ ಎಂಟಕ್ಕೆ. ಸುಳ್ಳೇಕೆ, ಅವರು ಹೋದ ಮೇಲೆ ಇವರ ಹೆಗಲಿಗೆ ತಲೆ ಕೊಟ್ಟು ಅತ್ತೆ. ಇವರು ಬೆನ್ನು ಸವರುತ್ತ "ಇಳಿದದ್ದಲ್ಲ ಕಣೇ, ಇಳಿದದ್ದಲ್ಲ" ಅನ್ನುತ್ತಲೇ ಇದ್ದರು.

ಅಷ್ಟರಲ್ಲಿ ಮೆಟ್ಟಿಲು ಧಡಧಡ, ಯಾಕಮ್ಮ. ಮೇಲಿಂದಲೇ ಕೇಳಿಸಿಕೊಂಡಿದ್ದಳಂತೆ.

"ಎಂಟನೇ ಕ್ಲಾಸಾ ಮಿಸ್? ನಾನಿರೋ ಎಂಟಾ?"

ಹೌದು ಅಂದೆ.

"ಮತ್ಯಾಕೆ ಅಳ್ತೀರಾ?"

ಅದಕ್ಕೆ ನನ್ನ ಹತ್ತಿರ "ಏಕೆಂದರೆ" ಇರಲಿಲ್ಲ.

ಸೋಮವಾರ, ಡಿಸೆಂಬರ್ 9. ಸ್ಟಾಫ್ ರೂಮು, ಬೆಲ್ಲಿಗೆ ಮುಂಚೆ.

ಮೂಲೆ ಖಾಲಿ. ನಾನೇ ಬೇಡ ಅಂದಿದ್ದೆ. ತಾರೀಖು ಇವತ್ತು ನಾನೇ ಕೂಡಿಸಿ ಬರೆದದ್ದು. ಗೋಡೆಯ ಕ್ಯಾಲೆಂಡರ್ ಆಮೇಲೆ ನೋಡಿದೆ. ಸರಿ ಇದೆ!

ಹಾಳೆ ಮುಗಿಸಿದೆ. ಹೆಡ್ ಮಿಸ್ ಏನನ್ನುತ್ತಾರೋ. ಎಂಟಕ್ಕೆ: ಗೊತ್ತಿಲ್ಲದ್ದಕ್ಕೆ ಹೆಸರಿಡುವ ಧೈರ್ಯ. ಒಂಬತ್ತಕ್ಕೆ: ಯಾಕೆ ಅಂತ ಕೇಳುವ ಬಾಯಿ. ಹತ್ತಕ್ಕೆ: ಬಂದ ಉತ್ತರವನ್ನು ವಾಪಸ್ ಹಾಕಿ ನೋಡುವ ತಾಳ್ಮೆ, ತಪ್ಪಾಗಿದ್ದರೆ ಅಯ್ಯೋ ಅಂತ ಒಪ್ಪಿಕೊಳ್ಳುವುದು. ಮಗ್ಗಿ ಎಲ್ಲದಕ್ಕೂ ಬೇಕು, ಅದನ್ನು ಕೆಳಗೆ ಬರೆದಿದ್ದೇನೆ. ಆದರೆ ಅದು ಹೋದರೂ ಮತ್ತೆ ಕಲಿಯಬಹುದು ಅಂತಲೂ ಬರೆದಿದ್ದೇನೆ.

ಮೊದಲ ಸಲ ಕೆಲಸಕ್ಕೆ ಬಂದ ಹುಡುಗಿಯ ಹಾಗೆ ಸೀಮೆಸುಣ್ಣ ಎರಡು ತೆಗೆದುಕೊಂಡೆ. ಬಾಗಿಲಲ್ಲಿ ಯಾರೋ. ಗೊತ್ತು ಯಾರು ಅಂತ. ಒಳಗೆ ಬರಬಾರದು ಅಂತ ಬೋರ್ಡಿದ್ದರೂ ಇಣುಕಿದೆ ಯಾಕಮ್ಮನ ಜಡೆ.

"ಮಿಸ್, ಬೆಲ್ಲಾಯ್ತು. ಏಳೆಂಟ್ಲ?"

ಐವತ್ತು... ಇರು, ಇರು. ಬಂತು. ಹೇಳಬೇಡ ಮರಿ, ನಾನೇ—